ಅಬ್ಬಿಯ ಮೇಲೆ ಮೀನಿಲ್ಲವಂತೆ

ಶಿರಾಮತಾ ಹಳ್ಳಿಯ ಸಭಾಭವನದಲ್ಲಿ ಅವತ್ತು ಊರಿನ ಗಂಡಸರೆಲ್ಲ ನೆಲ ನೋಡಿಕೊಂಡು ಕೂತಿದ್ದರು. ಚಾಪೆಯ ಮೇಲೆ ಏನೋ ಬರೆದಿದೆ, ಅದನ್ನು ಓದಿ ಮುಗಿಸದೆ ತಲೆ ಎತ್ತುವ ಹಾಗಿಲ್ಲ ಅನ್ನುವ ಥರ. ಜಿಲ್ಲಾ ಕಚೇರಿಯಿಂದ ಬಂದಿದ್ದ ಎಂಜಿನಿಯರ್ ಸೊಮೆಯಾ ಗೋಡೆಗೆ ನಕ್ಷೆ ತೂಗುಹಾಕಿ, ಕಡ್ಡಿಯಲ್ಲಿ ತೋರಿಸುತ್ತಾ ಹೇಳುತ್ತಿದ್ದ. ಹೊಳೆ ಧುಮುಕುವ ದೊಡ್ಡ ಅಬ್ಬಿಯ ಮೇಲ್ಗಡೆ, ಕಣಿವೆ ಕಿರಿದಾಗುವ ಕಡೆ, ಕಾಂಕ್ರೀಟಿನ ಒಡ್ಡು ಬರುತ್ತದೆ. ಬೆಟ್ಟದಿಂದ ಜಾರುವ ಮಣ್ಣು ಕಲ್ಲು ಅಲ್ಲೇ ನಿಲ್ಲುತ್ತದೆ, ಊರು ನೆಮ್ಮದಿಯಾಗಿ ಮಲಗಬಹುದು. ಮೀನಿನ ವಿಚಾರವೂ ಪರಿಶೀಲನೆಯಾಗಿದೆ. ಅಷ್ಟೆತ್ತರದ ಅಬ್ಬಿ ಹತ್ತುವ ಮೀನು ಯಾವುದೂ ಇಲ್ಲ. ಆದ್ದರಿಂದ ಮೇಲಿನ ನೀರಿನಲ್ಲಿ ಇವಾನಾ ಇಲ್ಲ.

ಇವಾನಾ ಅಂದರೆ ಆ ಬೆಟ್ಟಗಳ ಟ್ರೌಟ್ ಮೀನು. ಕೈ ಜೋಮುಗಟ್ಟುವಷ್ಟು ತಣ್ಣಗಿನ ನೀರು ಬಿಟ್ಟರೆ ಬೇರೆಲ್ಲೂ ಬದುಕದ ಜಾತಿ.

ಅಡುಗೆಮನೆ ಬಾಗಿಲ ಹತ್ತಿರ ಮಿತ್ಸುಯೆ ಚಹಾದ ಕೆಟಲ್ ಹಿಡಿದು ನಿಂತಿದ್ದಳು. ಸಭೆ ಗಂಡಸರದ್ದು, ಚಹಾ ಹೆಂಗಸರದ್ದು, ಆ ಊರಿನ ಕ್ರಮ ಅದು. ಎಂಜಿನಿಯರನ ಮಾತು ಕೇಳಿ ಅವಳಿಗೆ ಮೊದಲು ನಗು ಬಂತು. ಇವಾನಾ ಇಲ್ಲವಂತೆ. ಹಾಗಾದರೆ ಮದುವೆಯಾಗಿ ಬಂದಾಗಿನಿಂದ ಅವಳು ಬಿದಿರುಕಡ್ಡಿಗೆ ಚುಚ್ಚಿ ಕೆಂಡದ ಸುತ್ತ ನಿಲ್ಲಿಸಿ ಸುಟ್ಟಿದ್ದೇನು, ಮೂಲಂಗಿಯೇ? ಈಗ ಯಾರಾದರೂ ಎದ್ದು ಹೇಳುತ್ತಾರೆ ಅಂತ ಕಾದಳು. ಯಾರೂ ಏಳಲಿಲ್ಲ. ಮೀನುಗಾರರ ಸಂಘದ ಅಧ್ಯಕ್ಷ ಇಸಾವಾ ಗಂಟಲು ಸರಿಮಾಡಿಕೊಂಡು, ಮೀನಿನ ವಿಚಾರದಲ್ಲಿ ಸಂಘದ ತಕರಾರಿಲ್ಲ ಅಂದ. ಅಂಗಡಿಯ ಯೊಗೊರೊ ತಲೆಯಾಡಿಸಿದ. ಮೂಲೆಯಲ್ಲಿ ಕೂತಿದ್ದ ಉಮೆಕಿಚಿ ಅಜ್ಜ, ಒಂದು ಕಾಲದಲ್ಲಿ ಬಿಸಿನೀರಿನ ಬುಗ್ಗೆಯ ವಸತಿಗೃಹಗಳಿಗೆಲ್ಲ ಇವಾನಾ ಹಿಡಿದು ಮಾರಿಯೇ ಬದುಕಿದ ಮನುಷ್ಯ, ಕಿವಿ ಕೇಳಿಸದವನ ಹಾಗೆ ಕಣ್ಣು ಮುಚ್ಚಿಕೊಂಡಿದ್ದ.

ಆಗ ಮಿತ್ಸುಯೆಯ ನಗು ಇಂಗಿಹೋಯಿತು.

"ಮೀನಿದೆ," ಅಂದಳು.

ಸೊಮೆಯಾ ತಿರುಗಿದ. ಒರಟ ಅಲ್ಲ ಅವನು. ತಾಯೀ ಅಂತಲೇ ಕರೆದು, ನೀವು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದ.

"ತಿಂದಿದೀನಿ."

ಸಭೆ ನಕ್ಕಿತು. ನೆಲ ನೋಡುತ್ತಿದ್ದವರಿಗೆಲ್ಲ ತಲೆ ಎತ್ತುವುದಕ್ಕೆ ಒಂದು ನೆಪ ಸಿಕ್ಕಿತು. ಸೊಮೆಯಾನೂ ನಕ್ಕ. ತಿಂದ ಮೀನನ್ನು ವರದಿಯಲ್ಲಿ ಬರೆಯುವುದು ಕಷ್ಟ ತಾಯೀ ಅಂದ. ಬೇಸಿಗೆ ಮುಗಿದ ಮೇಲೆ ಕೊನೆಯ ಸಭೆ ಇದೆ. ಅಷ್ಟರೊಳಗೆ ಮೇಲಿನ ನೀರಿನಿಂದ ಒಂದೇ ಒಂದು ಜೀವಂತ ಇವಾನಾ ಯಾರಾದರೂ ತಂದು ತೋರಿಸಿದರೆ ಮರುಪರಿಶೀಲನೆ ಮಾಡಿಸುತ್ತೇವೆ. ತರದಿದ್ದರೆ ಹಿಮ ಬೀಳುವ ಮುಂಚೆ ಕೆಲಸ ಶುರು.

ಮಿತ್ಸುಯೆ ಚಹಾ ಬಗ್ಗಿಸದೆ ಕೆಟಲನ್ನು ಅಲ್ಲೇ ನೆಲದ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು.

ಸೊಮೆಯಾ ಸುಳ್ಳು ಹೇಳಿರಲಿಲ್ಲ. ಅಬ್ಬಿ ಹತ್ತುವ ಮೀನು ಇಲ್ಲ, ನಿಜ. ಆದರೆ ಹತ್ತಿಸಿದ ಮನುಷ್ಯರಿದ್ದರು. ಇದ್ದಿಲು ಸುಡುವವರು, ಕರಡಿ ಬೇಟೆಯವರು, ಮೇಲಿನ ಕಾಡಿನಲ್ಲಿ ವಾರಗಟ್ಟಲೆ ಇರಬೇಕಾದ ಹಳೆ ತಲೆಗಳು, ಕೆಳಗಿನಿಂದ ಇವಾನಾ ಮರಿಗಳನ್ನು ಮರದ ಬಕೀಟಿನಲ್ಲಿ ಹೊತ್ತು, ಬಂಡೆ ಸುತ್ತಿ, ಅಬ್ಬಿಯ ಮೇಲೆ ಬಿಟ್ಟುಬಂದಿದ್ದರು. ಅಲ್ಲಿ ಅವು ತಮ್ಮಷ್ಟಕ್ಕೆ ಬೆಳೆದು, ಬೆನ್ನಿನ ಬಿಳಿ ಚುಕ್ಕಿ ಮಾಸಿ, ಹೊಟ್ಟೆ ಮೊಟ್ಟೆಯೊಳಗಿನ ಹಳದಿ ಭಂಡಾರದ ಬಣ್ಣಕ್ಕೆ ತಿರುಗಿ, ಬೇರೆಯದೇ ಒಂದು ವಂಶವಾಗಿದ್ದವು. ಶಿರಾಮತಾದ ಗಂಡಸರಿಗೆ ಇದು ಗೊತ್ತು. ಗೊತ್ತು ಅನ್ನುವುದನ್ನು ಯಾರಿಗೂ ಗೊತ್ತಾಗಗೊಡುವುದಿಲ್ಲ, ಅಷ್ಟೆ. ಅಪ್ಪ ಮಗನಿಗೆ ಹೇಳಿಯಾನು, ಅದೂ ಮಗ ಬಾಯಿಗಟ್ಟಿ ಇದ್ದರೆ. ಅಣ್ಣ ತಮ್ಮನಿಗೆ ಹೇಳುವುದಿಲ್ಲ. ಹೆಂಡತಿಗೆ ಹೇಳುವ ಮಾತೇ ಇಲ್ಲ, ಹಳದಿ ಹೊಟ್ಟೆ ನೋಡಿ ಅವಳೇ ಊಹಿಸಿಕೊಳ್ಳಬೇಕು. ಬೆಳಕು ಹರಿಯುವ ಮುಂಚೆ ಒಂದು ದಾರಿಯಲ್ಲಿ ಹೋಗಿ, ಇನ್ನೊಂದು ದಾರಿಯಲ್ಲಿ ಬಂದು, ಒದ್ದೆ ಬಟ್ಟೆಯನ್ನು ಹಿತ್ತಲಲ್ಲಿ ಒಣಗಿಸುತ್ತಾರೆ. ಪ್ರತಿ ಮನೆಯವನಿಗೂ, ಆ ನೀರು ತನ್ನ ಅಜ್ಜ ತನಗೊಬ್ಬನಿಗೇ ಬಿಟ್ಟುಹೋದ ಆಸ್ತಿ ಅನ್ನುವ ನಂಬಿಕೆ.

ಈಗ ಆ ನೀರಿಗೇ ಕಾಂಕ್ರೀಟು ಸುರಿಯುತ್ತೇವೆ ಅಂತ ಹೇಳಿದಾಗಲೂ ಒಬ್ಬನೂ ಬಾಯಿ ಬಿಡಲಿಲ್ಲ. ಬಿಟ್ಟರೆ ಪಕ್ಕದವನಿಗೆ ಗೊತ್ತಾಗುತ್ತದಲ್ಲ. ಮಡು ಹೂತುಹೋದರೂ ಚಿಂತೆಯಿಲ್ಲ, ಪಕ್ಕದವನ ಪಾಲಾಗಬಾರದು. ಇಂಥ ಬುದ್ಧಿವಂತರು ಇರುವ ಊರಿಗೆ ಒಡ್ಡು ಕಟ್ಟಲು ಬರುವವರು ಲಂಚ ಕೊಡಬೇಕಾಗಿಯೂ ಇಲ್ಲ, ಪೊಲೀಸರನ್ನು ಕರೆತರಬೇಕಾಗಿಯೂ ಇಲ್ಲ.

ಮಿತ್ಸುಯೆಯನ್ನು ಉರಿಸಿದ್ದು ಅದು. ಅವಳು ಪಕ್ಕದ ಕಣಿವೆಯಿಂದ ಬಂದವಳು. ಮದುವೆಯಾಗಿ ತಲೆ ಅರ್ಧ ನರೆತರೂ ಊರಿನ ಬಾಯಲ್ಲಿ ಇನ್ನೂ 'ತೆತ್ಸುಜಿ ಹೆಂಡ್ತಿ'. ತೆತ್ಸುಜಿ ಚಳಿಗಾಲ ಬಂತೆಂದರೆ ಊರಿನ ಉಳಿದವರ ಹಾಗೆ ಸುರಂಗದ ಕೂಲಿಗೆ ದಕ್ಷಿಣಕ್ಕೆ ಹೋಗುತ್ತಿದ್ದ. ರೈಲಿಗೆ ದಾರಿ ಕೊರೆದ, ಹೆದ್ದಾರಿಗೆ ದಾರಿ ಕೊರೆದ, ಕೊನೆಗೆ ಕಲ್ಲಿನ ಧೂಳು ಅವನ ಶ್ವಾಸಕೋಶ ಕೊರೆಯಿತು. ಹಾಸಿಗೆ ಹಿಡಿದ ಕೊನೆಯ ಬೇಸಿಗೆಯಲ್ಲಿ ಅವನಿಗೆ ಇವಾನಾ ಸಾರು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಆಗ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಜರಿ ಎಲೆಯಲ್ಲಿ ಸುತ್ತಿದ ಮೀನು ಇರುತ್ತಿತ್ತು. ಯಾರು ಇಟ್ಟರು ಗೊತ್ತಿಲ್ಲ. ಒಮ್ಮೊಮ್ಮೆ ಎರಡು ಪೊಟ್ಟಣ, ಎರಡು ಥರದ ಗಂಟು. ಎಲ್ಲ ಭಂಡಾರದ ಹಳದಿ ಹೊಟ್ಟೆಯವೇ. ಸಾಯುವವನ ಬಾಗಿಲಿಗೆ ಮೀನು ತಂದಿಡುವಷ್ಟು ಮನಸ್ಸಿರುವ ಗಂಡಸರಿಗೆ, ಬದುಕಿರುವ ಹೊಳೆಯ ಪರವಾಗಿ ಒಂದು ಮಾತು ಆಡುವ ಬಾಯಿಲ್ಲ. ಸೊಮೆಯಾ ಅನ್ನುವವನು ಹೊರಗಿನವನು, ಸಂಬಳದವನು. ಇವರಿಗೇನು ಬಂದಿತ್ತು?

ಮಾರನೇ ದಿನ ಅವಳು ವಸತಿಗೃಹದ ಪಾತ್ರೆ ತೊಳೆಯುವ ಕೆಲಸ ಮುಗಿಸಿಕೊಂಡು ನೇರ ಉಮೆಕಿಚಿ ಅಜ್ಜನ ಮನೆಗೆ ಹೋದಳು. ಅಜ್ಜ ಜಗಲಿಯ ಮೇಲೆ ಕಾಲು ಚಾಚಿ ಗಾಳ ಕಟ್ಟುತ್ತಿದ್ದ. ಆ ಕಡೆಯ ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಕೊಕ್ಕೆಗೆ ದಾರ ಸುತ್ತಿ, ಹುಂಜದ ಗರಿಯನ್ನು ಮುಂದಕ್ಕೆ ಕೊಡೆಯ ಹಾಗೆ ಬಿಡಿಸಿ, ನೀರಿಗೆ ಬಿದ್ದ ನೊಣದ ಥರ ಮಾಡುತ್ತಾರೆ. ಅದಕ್ಕೆ ಕೆಬಾರಿ ಅನ್ನುತ್ತಾರೆ. ನೊಣದ ಮೈ ಮಾಡಲು ಬೇಕಾಗುವುದು ಝೆನ್ಮಾಯ್ ಅನ್ನುವ ಜರಿಗಿಡದ ಎಳೆ ಸುರುಳಿಯ ಮೇಲಿನ ಉಣ್ಣೆ. ಆ ಸುರುಳಿ ಕೀಳುವುದು, ಉಜ್ಜಿ ಒಣಗಿಸುವುದು ಹೆಂಗಸರ ಕೆಲಸ. ಉಣ್ಣೆಯನ್ನು ಬುಟ್ಟಿಯಲ್ಲಿ ತೆಗೆದಿಟ್ಟು ಗಂಡಸರಿಗೆ ಕೊಡುವುದೂ ಅವರೇ.

ಗಾಳ ಎಸೆಯುವುದನ್ನು ಕಲಿಸಬೇಕು ಅಂತ ಮಿತ್ಸುಯೆ ಕೇಳಿದಳು. ಅಜ್ಜ ತಲೆ ಎತ್ತಲಿಲ್ಲ. ಹೆಂಗಸು ಹೊಳೆಗೆ ಇಳಿದರೆ ಬೆಟ್ಟದ ದೇವಿಗೆ ಹೊಟ್ಟೆಕಿಚ್ಚಾಗುತ್ತದೆ, ಬಂಡೆ ಉರುಳಿಸುತ್ತಾಳೆ ಅಂದ.

"ನಾವು ಸೊಂಟಕ್ಕೆ ಹಗ್ಗ ಕಟ್ಕೊಂಡು ಝೆನ್ಮಾಯ್ ಕೀಳೋಕೆ ಅದೇ ಬೆಟ್ಟ ಹತ್ತತೀವಲ್ಲ, ಆವಾಗ ದೇವಿ ನಿದ್ದೆ ಹೊಡೀತಿರ್ತಾಳಾ ಅಜ್ಜ?"

ಅಜ್ಜ ದಾರ ಸುತ್ತುವುದನ್ನು ಮುಂದುವರಿಸಿದ.

"ಆಯ್ತು ಬಿಡಿ. ಈ ವರ್ಷ ನನ್ನ ಬುಟ್ಟಿಯಿಂದ ಉಣ್ಣೆ ಇಲ್ಲ. ಉಳಿದ ಹೆಂಗಸರಿಗೂ ಹೇಳಿದೀನಿ. ಬೆಕ್ಕಿನ ಕೂದಲು ಸುತ್ತಿ ನೋಡಿ, ಮೀನು ಬಂದ್ರೂ ಬರಬಹುದು."

ಉಳಿದವರಿಗೆ ಅವಳಿನ್ನೂ ಹೇಳಿರಲಿಲ್ಲ. ಆದರೆ ಅಜ್ಜನ ಕೈ ನಿಂತಿತು. ಆಮೇಲೆ, ನೆನ್ನೆ ಸಭೆಯಲ್ಲಿ ನೀನು ಕೆಟಲ್ ಕುಕ್ಕಿ ಹೋಗಿದ್ದು ಸರಿಯಲ್ಲ, ಚಾಪೆ ಸುಟ್ಟಿದೆ ಅಂದ. ಮಿತ್ಸುಯೆ, ಚಾಪೆ ನೋಡೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಂದಳು.

"ಬಾಯಿ ಜೋರು ನಿಂದು," ಅಂದ ಅಜ್ಜ. "ಕೇಳಿಲ್ಲಿ. ಹೆಂಗೆ ಎಸೀಬೇಕು ಅಂತ ಕಲಿಸ್ತೀನಿ. ಎಲ್ಲಿ ಅಂತ ಕೇಳ್ಬೇಡ. ನನ್ನ ಸ್ವಂತ ಮಗಂಗೇ ಹೇಳಿಲ್ಲ ನಾನು."

ಅದನ್ನು ಹೆಮ್ಮೆಯಿಂದಲೇ ಹೇಳಿದ. ಮಗ ಊರು ಬಿಟ್ಟು ಲಾರಿ ಓಡಿಸುತ್ತಿದ್ದಾನೆ, ಅಜ್ಜನ ಮಂಡಿ ಹೋಗಿ ವರ್ಷಗಳಾಗಿವೆ, ಅಬ್ಬಿಯ ಹತ್ತಿರಕ್ಕೂ ಹೋಗಲಾರ. ಗುಟ್ಟು ಮಾತ್ರ ಭದ್ರವಾಗಿದೆ, ಹೆಣದ ಪೆಟ್ಟಿಗೆಯಲ್ಲಿಡುವ ಚಿನ್ನದ ಹಲ್ಲಿನ ಹಾಗೆ.

ಪಾಠ ಶುರುವಾದದ್ದು ಅಜ್ಜನ ಹಿತ್ತಲಿನ ಮೂಲಂಗಿ ಮಡಿಯಲ್ಲಿ. ಮಿತ್ಸುಯೆ ಅಟ್ಟದ ಮೇಲಿದ್ದ ತೆತ್ಸುಜಿಯ ಬಿದಿರು ಕೋಲು ತಂದಿದ್ದಳು. ಅದಕ್ಕೆ ಚಕ್ರ ಇಲ್ಲ, ಸುತ್ತುವ ತಂತಿ ಇಲ್ಲ. ಕೋಲಿನ ತುದಿಗೆ ಕುದುರೆ ಬಾಲದ ಕೂದಲು ಹೊಸೆದ ದಾರ, ದಾರದ ತುದಿಗೆ ಒಂದು ಗರಿಗಾಳ, ಮುಗಿಯಿತು. ಅಜ್ಜ ಮಡಿಯ ಆಚೆ ಒಂದು ಮೊರ ಇಟ್ಟು, ಅದರೊಳಗೆ ಗಾಳ ಬೀಳಿಸು ಅಂದ. ಅವಳು ಮೊದಲ ಸಲ ಬೀಸಿದಾಗ ಗಾಳ ಹೋಗಿ ಅವಳದೇ ತಲೆವಸ್ತ್ರಕ್ಕೆ ಸಿಕ್ಕಿಕೊಂಡಿತು. ಎರಡನೇ ಸಲ ಅಜ್ಜನ ಪರ್ಸಿಮನ್ ಮರಕ್ಕೆ.

"ಬಟ್ಟೆ ಒಗೀತಿದೀಯಾ? ತೋಳು ಪಕ್ಕೆಗೆ ಅಂಟಿರ್ಬೇಕು. ಮಣಿಕಟ್ಟು ಮಾತ್ರ. ಮೇಲಕ್ಕೆ ಎತ್ತು, ನೆತ್ತಿ ಹತ್ರ ನಿಲ್ಲಿಸು, ದಾರ ಹಿಂದೆ ಬಿಚ್ಕೊಳ್ಳೋಕೆ ಬಿಡು, ಆಮೇಲೆ ಮುಂದಕ್ಕೆ. ಅವಸರ ಮಾಡ್ಬೇಡ. ನೊಣ ಬೀಳ್ತದೆ, ಕಲ್ಲು ಬೀಳಲ್ಲ."

ವಾರಗಟ್ಟಲೆ ಮೂಲಂಗಿ ಮಡಿ. ವಸತಿಗೃಹದ ಅಡುಗೆಮನೆಯಲ್ಲಿ ಜೊತೆಯವರು, ಇವತ್ತು ಎಷ್ಟು ಮೂಲಂಗಿ ಹಿಡಿದೆ ಅಕ್ಕ ಅಂತ ಕೇಳುವುದು ರೂಢಿಯಾಯಿತು. ಹಾಗೆ ನಗುತ್ತಿದ್ದವರೇ ತಮ್ಮ ತಮ್ಮ ಬುಟ್ಟಿಯ ಉಣ್ಣೆಯನ್ನೂ ಗಂಡಸರಿಗೆ ಕೊಡದೆ ತಂದು ಅವಳ ಕೈಗೆ ಹಾಕಿದರು. ಅವಳು ಹೇಳಿದ ಸುಳ್ಳು ಹಾಗೆ ನಿಜವಾಯಿತು.

ಆಮೇಲೆ ಕೆಳಗಿನ ಹೊಳೆ. ಅಲ್ಲಿ ಹಳೆಯ ಒಡ್ಡೊಂದು ಮೊದಲೇ ಇತ್ತು. ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ಕಟ್ಟಿದ್ದು. ಅದು ಜಲ್ಲಿಯಿಂದ ತುಂಬಿಹೋಗಿ, ಹೊಳೆ ಎರಡು ಕಾಂಕ್ರೀಟು ಗೋಡೆಗಳ ನಡುವೆ ಚರಂಡಿಯ ಹಾಗೆ ಹರಿಯುತ್ತದೆ. ಬೇಸಿಗೆಯಲ್ಲಿ ಸಂಘದವರು ಲಾರಿಯಲ್ಲಿ ಸಾಕುಮೀನು ತಂದು ಸುರಿಯುತ್ತಾರೆ, ಪೇಟೆಯವರು ಬಂದು ಹಿಡಿಯುತ್ತಾರೆ. ಆ ಗೋಡೆಯ ಮಧ್ಯೆ ಮಿತ್ಸುಯೆ ಮಂಡಿಯುದ್ದ ನೀರಿನಲ್ಲಿ ನಿಂತು ಕಲಿತಳು. ಅಜ್ಜ ದಡದ ಮೇಲೆ ಮುಕ್ಕಾಲಿ ಹಾಕಿಕೊಂಡು ಕೂತು ಬೈಯುತ್ತಿದ್ದ. ದಾರ ನೀರಿಗೆ ತಾಗಬಾರದು, ಗಾಳವೊಂದೇ ತಾಗಬೇಕು. ನಿನ್ನ ನೆರಳು ನಿನಗಿಂತ ಮುಂಚೆ ಹೋಗಬಾರದು. ಮೀನು ತಲೆಯನ್ನು ಮೇಲ್ಹರಿವಿನ ಕಡೆ ಇಟ್ಟುಕೊಂಡಿರುತ್ತದೆ, ನೀನು ಹಿಂದಿನಿಂದ ಹೋಗು, ಬಗ್ಗಿ ಹೋಗು. ಅವಳು ಒಂದು ದಿನ, ಈ ಗಾಳ ಸರಿಯಿಲ್ಲ, ಬೇರೆ ಬಣ್ಣದ್ದು ಕೊಡಿ ಅಂದದ್ದಕ್ಕೆ ಅಜ್ಜನಿಗೆ ಸಿಟ್ಟು ಬಂತು.

"ಬಣ್ಣ ಬದಲಾಯಿಸೋದು ಪೇಟೆಯವರ ಚಾಳಿ. ನಾನು ಬದುಕಿಡೀ ಒಂದೇ ಥರದ ಗಾಳ ಕಟ್ಟಿದ್ದು. ಮೀನು ಒಲ್ಲೆ ಅಂದ್ರೆ ಬದಲಾಗಬೇಕಾದ್ದು ನೀನು."

ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಯೊಗೊರೊ ದಿನಾ ನೋಡುತ್ತಿದ್ದ. ತೆತ್ಸುಜಿ ಹೆಂಡ್ತಿ ಹೊಳೆಗೆ ಗಾಳಿ ಬೀಸ್ತಿದಾಳೆ, ಮೀನಿಗೆ ಸೆಕೆ ಆಗಿದೆಯಂತೆ ಅಂತ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ. ಅಧ್ಯಕ್ಷ ಇಸಾವಾ ಅಷ್ಟು ತಮಾಷೆಯವನಲ್ಲ. ಅಜ್ಜನ ಮನೆಗೇ ಬಂದು, ಊರಿಗೆ ಒಳ್ಳೆಯದಾಗುವ ಕೆಲಸಕ್ಕೆ ಅಡ್ಡಗಾಲು ಹಾಕುವ ಹೆಂಗಸಿಗೆ ಕುಮ್ಮಕ್ಕು ಕೊಡಬೇಡಿ ಅಂತ ಹೇಳಿಹೋದ. ಅಜ್ಜ, ನಾನು ಮೂಲಂಗಿ ಮಡಿಗೆ ಕಾಗೆ ಓಡಿಸೋದು ಕಲಿಸ್ತಿದೀನಿ ಅಂದನಂತೆ.

ಸಾಕುಮೀನು ಹಿಡಿಯುವುದು ಬಂತು. ಅದೇನು ದೊಡ್ಡದಲ್ಲ, ಆ ಮೀನು ಹಿಂಡಿ ತಿಂದು ಬೆಳೆದದ್ದು, ನೀರಿಗೆ ಉಗುಳಿದರೂ ಬಾಯಿ ತೆರೆಯುತ್ತದೆ. ಇವಾನಾ ಬೇರೆ. ಅದು ಗಾಳ ಕಚ್ಚಿದ್ದು ಕೈಗೆ ತಿಳಿಯುವಷ್ಟರಲ್ಲಿ ಉಗಿದು ಹೋಗಿರುತ್ತದೆ. ನೀರೊಳಗೆ ಏನೋ ಮಿಂಚಿತು ಅನ್ನುವಾಗಲೇ ಮಣಿಕಟ್ಟು ಎತ್ತಿರಬೇಕು. ಅಜ್ಜ ಇದನ್ನು ಬಾಯಲ್ಲಿ ಹೇಳಿದ. ತೋರಿಸಲು ಅಲ್ಲಿ ಇವಾನಾ ಇರಲಿಲ್ಲ. ಇದ್ದದ್ದು ಮೇಲೆ.

ಮೇಲೆ ಹೋಗುವ ದಾರಿ ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡಸರು ಅಬ್ಬಿಯ ಪಕ್ಕದ ಬಂಡೆಗೆ ಹಗ್ಗ ಬಿಟ್ಟು ಹತ್ತುತ್ತಾರೆ ಅಂತ ಊಹೆ. ಹೆಂಗಸರ ಝೆನ್ಮಾಯ್ ದಾರಿ ಅದಕ್ಕಿಂತ ಎತ್ತರದಲ್ಲಿ, ಇಳಿಜಾರಿನ ನೆತ್ತಿಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಅಲ್ಲಿಂದ ಹೊಳೆಯ ಸದ್ದು ಪ್ರತಿ ವಸಂತದಲ್ಲೂ ಕೇಳಿದ್ದಳು. ಇಳಿದು ನೋಡಿರಲಿಲ್ಲ, ಬೆನ್ನ ಮೇಲೆ ಹೊರೆ ಇರುತ್ತಿತ್ತು. ಈಗ ಕೆಲಸಕ್ಕೆ ರಜೆ ಇದ್ದ ದಿನಗಳಲ್ಲೆಲ್ಲ ಇಳಿದಳು.

ಮೊದಲ ಕೆಲವು ಸಲ ಬರಿಗೈ. ಹೆಜ್ಜೆ ಇಟ್ಟರೆ ಸಾಕು, ಮಡುವಿನ ತಳದಲ್ಲಿ ಕಪ್ಪು ನೆರಳೊಂದು ಕಲ್ಲಿನ ಕೆಳಗೆ ನುಗ್ಗುತ್ತಿತ್ತು. ಮೀನಿತ್ತು. ಕಣ್ಣಾರೆ ನೋಡಿದಳು. ಆದರೆ ಸೊಮೆಯಾನಿಗೆ ಬೇಕಾದದ್ದು ಅವಳ ಕಣ್ಣಲ್ಲ.

ಮೀನಿನ ಜೊತೆ ಅವಳು ಇನ್ನೂ ಒಂದನ್ನು ನೋಡಿದಳು. ಮೊದಲ ಮಡುವಿನ ಪಕ್ಕ ಕೂರಲು ಹದವಾಗಿ ಇಟ್ಟ ಚಪ್ಪಟೆ ಕಲ್ಲು. ಅದರ ಮೇಲಿನ ತಿರುವಿನಲ್ಲಿ, ಬೀಚ್ ಅನ್ನುವ ದೊಡ್ಡ ಕಾಡುಮರದ ಬುಡದ ಮಡುವಿನ ಹತ್ತಿರ, ಕಲ್ಲಿನ ಸಂದಿಗೆ ತುರುಕಿದ ಸಿಗರೇಟು ತುಂಡುಗಳು. ಆ ಜಾತಿ ಸಿಗರೇಟು ಊರಿನಲ್ಲಿ ಸೇದುವವನು ಯೊಗೊರೊ ಒಬ್ಬನೇ. ಮುಂದಿನ ಮಡುವಿನ ಕೊಂಬೆಗೆ ಸಿಕ್ಕಿಕೊಂಡ ನೀಲಿ ದಾರ, ಸಂಘದ ಕಚೇರಿಯ ಬಲೆಗಳಿಗೆ ಹಾಕುವ ದಾರ. ಇನ್ನೂ ಮುಂದೆ ಪೊದೆಯೊಳಗೆ ಬಚ್ಚಿಟ್ಟ ಹೆಂಡದ ಬಟ್ಟಲು. ಮಡುವಿಗೊಬ್ಬ ಗಂಡಸು. ಎಲ್ಲರೂ ಬರುತ್ತಾರೆ, ಎಲ್ಲರೂ ತಾನೊಬ್ಬನೇ ಬರುತ್ತೇನೆ ಅಂದುಕೊಂಡಿದ್ದಾರೆ, ಪಕ್ಕದ ಮಡುವಿನ ಸಿಗರೇಟು ತುಂಡು ಕಂಡರೂ ಕಾಣದವರ ಹಾಗೆ ದಾಟಿಹೋಗುತ್ತಾರೆ. ಮಿತ್ಸುಯೆ ಆ ಕಲ್ಲಿನ ಮೇಲೆ ಕೂತು, ಕೇಳುವವರಿಲ್ಲದ ಧೈರ್ಯದಲ್ಲಿ, ಶಿರಾಮತಾದ ಪ್ರತಿ ಮನೆಯ ಗಂಡಸನ್ನೂ ಹೆಸರು ಹಿಡಿದು ಬೈದಳು. ತೆತ್ಸುಜಿಯನ್ನೂ ಬಿಡಲಿಲ್ಲ. ಸತ್ತವನು ಅಂತ ರಿಯಾಯಿತಿ ಇಲ್ಲ. ಒಂದು ದಿನವಾದರೂ, ಬಾರೇ, ನಾನು ಹೋಗುವ ಜಾಗ ಇದು ನೋಡು, ಅಂತ ಕರೆಯಬಾರದಿತ್ತೇ ಆ ಪುಣ್ಯಾತ್ಮ.

ಕೊನೆಯ ಸಭೆಯ ಹಿಂದಿನ ದಿನ ಮೋಡ ಮುಚ್ಚಿತ್ತು. ನೆರಳಿಲ್ಲದ ದಿನ. ಅವಳು ಉಪ್ಪಿನಕಾಯಿ ಹಾಕುವ ಮುಚ್ಚಳದ ಬಕೀಟು ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದಳು. ಇವತ್ತು ಸಿಗದಿದ್ದರೆ ಆಯಿತು. ಬೀಚ್ ಮರದ ಮಡುವಿಗೆ ಮೊಣಕಾಲೂರಿ ತೆವಳಿಕೊಂಡು ಹೋದಳು. ಎಸೆದಳು. ಗಾಳ ಬಂಡೆಯ ಮೇಲೆ ಬಿದ್ದು, ಜಾರಿ, ತಾನಾಗಿಯೇ ನೀರಿಗೆ ಇಳಿಯಿತು. ನೋಡಿದವರಿಗೆ ಅದು ಕೌಶಲ ಅನಿಸಬೇಕು. ನಿಜವಾಗಿ ಗುರಿ ತಪ್ಪಿದ್ದು. ನೀರಡಿಯಲ್ಲಿ ಹಳದಿ ಮಿಂಚಿತು. ಅವಳ ಮಣಿಕಟ್ಟು ಅವಳನ್ನು ಕೇಳದೆ ಎತ್ತಿತು.

ಬಿದಿರು ಬಗ್ಗಿತು. ಮೀನು ಕಲ್ಲಿನಡಿಗೆ ಎಳೆಯಿತು, ಅವಳು ಹಿಂದೆ ಹಿಂದೆ ನಡೆದು ಜಲ್ಲಿಯ ಮೇಲೆ ಜಾರಿ ಕೂತಳು, ಕೋಲು ಬಿಡಲಿಲ್ಲ. ಕೊನೆಗೆ ಒದ್ದೆ ಮಾಡಿಕೊಂಡ ಎರಡು ಕೈಯಲ್ಲಿ ಹಿಡಿದು ಬಕೀಟಿಗೆ ಬಿಟ್ಟಾಗ, ಅದು ಅಂಗೈಗಿಂತ ಸ್ವಲ್ಪ ಉದ್ದ, ಬೆನ್ನು ಬೋಳು, ಹೊಟ್ಟೆ ಭಂಡಾರದ ಹಳದಿ. ಅವಳು ಉಸಿರು ತಿರುಗಿಸಿಕೊಳ್ಳುತ್ತಾ ಅದರ ಮೇಲೆ ಬಗ್ಗಿದಳು.

"ನೀನು ಇಲ್ಲವಂತೆ ಕಣೋ," ಅಂದಳು. "ಸಂಘದವರೂ ಒಪ್ಪಿದಾರೆ."

ದಾರಿಯಲ್ಲಿ ಸಿಕ್ಕ ಪ್ರತಿ ಒರತೆಯಲ್ಲೂ ನೀರು ಬದಲಾಯಿಸುತ್ತಾ ಇಳಿದಳು.

ಮರುದಿನ ಸಭೆಯಲ್ಲಿ ಅವಳು ಅಡುಗೆಮನೆ ಕಡೆ ಹೋಗಲಿಲ್ಲ. ಬಕೀಟನ್ನು ತಂದು ಸೊಮೆಯಾನ ಮೇಜಿನ ಮೇಲೆ, ಅವನ ಕಾಗದಗಳ ನಡುವೆ ಇಟ್ಟು ಮುಚ್ಚಳ ತೆಗೆದಳು. ಸೊಮೆಯಾ ನೋಡಿದ. ಅವನ ಮುಖದಲ್ಲಿ ಖುಷಿಯಂಥದ್ದೇ ಏನೋ ಬಂದುಹೋಯಿತು. ಆದರೆ ಸಂಬಳದ ಮನುಷ್ಯ, ಕೇಳಬೇಕಾದ್ದನ್ನು ಕೇಳಿದ. ಇದು ಇವಾನಾ, ಒಪ್ಪಿದೆ. ಅಬ್ಬಿಯ ಮೇಲಿನದೇ ಅಂತ ಹೇಗೆ ಒಪ್ಪುವುದು? ಕೆಳಗೆ ಎಲ್ಲಾದರೂ ಹಿಡಿದಿರಬಹುದಲ್ಲ. ಇಸಾವಾ ತಕ್ಷಣ ಬಾಯಿ ಹಾಕಿದ. ಅದೇ ಮತ್ತೆ, ಪಕ್ಕದ ಕಣಿವೆಯವಳು, ತವರಿಂದ ತಂದಿರಬಹುದು ಅಂದ.

ಇಷ್ಟು ಮಾಡಿದ ಮೇಲೂ ಮಿತ್ಸುಯೆಯ ಮಾತು ಮಾತಲ್ಲ. ಸಭೆಯನ್ನೊಮ್ಮೆ ನೋಡಿದಳು. ಮತ್ತೆ ಎಲ್ಲರೂ ಚಾಪೆ ಓದುತ್ತಿದ್ದರು, ಉಮೆಕಿಚಿ ಅಜ್ಜನೂ ಸೇರಿ.

ಸೊಮೆಯಾ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಹಿಡಿದ ಜಾಗವನ್ನಾದರೂ ತೋರಿಸಿ ತಾಯೀ ಅಂದ. ನಕ್ಷೆ ಅನ್ನುವುದು ಅವಳಿಗೆ ಸಿಕ್ಕುಬಿದ್ದ ದಾರದ ಹಾಗೆ ಗೆರೆಗಳ ಗೋಜಲು. ಹೊಳೆಯ ಗೆರೆ ಹುಡುಕಿ, ಅಂದಾಜಿನ ಮೇಲೆ ಒಂದು ಕಡೆ ಬೆರಳಿಟ್ಟಳು. ಇಲ್ಲಿ, ಬೀಚ್ ಮರದ ಬುಡದಲ್ಲಿ ಅಂದಳು.

ಮೀನು ನೋಡುವ ನೆಪದಲ್ಲಿ ಮೇಜಿನ ಹತ್ತಿರ ಬಂದಿದ್ದ ಯೊಗೊರೊ ಅವಳ ಬೆರಳನ್ನು ನೋಡಿದ. ಅವನ ಕುತ್ತಿಗೆ ಕೆಂಪಾಯಿತು. ತಡೆದುಕೊಂಡ. ಅವಳು ಬೆರಳನ್ನು ಇನ್ನಷ್ಟು ಆಚೆ ಸರಿಸಿದಳು.

"ಅಲ್ಲಲ್ಲ," ಅಂದುಬಿಟ್ಟ. "ಬೀಚ್ ಮರ ಎರಡನೇ ತಿರುವಲ್ಲಿದೆ. ನೀನು ತೋರಿಸ್ತಿರೋದು ಬೋಳು ಬಂಡೆ."

ಹಿಂದಿನಿಂದ ಯಾರೋ, ಯೊಗೊರೊ, ನಿಂಗೆ ಹೆಂಗೆ ಗೊತ್ತು ಅಂತ ಕೇಳಿದರು. ಆಗ ಮಿತ್ಸುಯೆಗೆ ಅರ್ಥವಾಯಿತು. ಅವಳ ಜನ್ಮದಲ್ಲಿ ಅಷ್ಟು ಬೇಗ ಯಾವುದೂ ಅರ್ಥವಾಗಿರಲಿಲ್ಲ. ಬೆರಳನ್ನು ಬೇಕೆಂದೇ ಇನ್ನೊಂದು ಕಡೆ ಜಾರಿಸಿ, ಹಾಗಾದರೆ ನೀಲಿ ದಾರ ಸಿಕ್ಕಿಕೊಂಡ ಮಡು ಇದಿರಬೇಕು, ಅದರಲ್ಲಿ ಮೀನೇ ಇಲ್ಲ, ಬರೀ ಕಪ್ಪೆ ಅಂದಳು.

"ಕಪ್ಪೆನಾ?" ಅಂದ ಅಧ್ಯಕ್ಷ ಇಸಾವಾ. "ನಮ್ಮಜ್ಜ ಹೆಗಲ ಮೇಲೆ ಹೊತ್ತು ಬಿಟ್ಟ ಮೀನು ಅದು. ಈ ಹೊಳೇಲಿ ಅಷ್ಟು ದಪ್ಪ ಇವಾನಾ ಇನ್ನೆಲ್ಲೈತೆ ತೋರಿಸು."

ಆಮೇಲೆ ತಡೆಯುವವರು ಇರಲಿಲ್ಲ. ನಿಮ್ಮಜ್ಜ ಹೊತ್ತಿದ್ದಲ್ಲ, ನಮ್ಮಜ್ಜ ಹೊತ್ತಿದ್ದು, ನಿಮ್ಮಜ್ಜ ದೀಪ ಹಿಡಿದಿದ್ದ ಅಂತ ಒಬ್ಬ. ಹೆಂಡದ ಬಟ್ಟಲು ಕದ್ದವನು ಯಾರು ಅಂತ ಇನ್ನೊಬ್ಬ. ಹಾಗಾದರೆ ಇಷ್ಟು ವರ್ಷ ನನ್ನ ಮಡುವಿನಲ್ಲಿ ಸಿಗರೇಟು ಬಿಸಾಕುತ್ತಿದ್ದದ್ದು ನೀನೇ ಅಂತ ಮಗದೊಬ್ಬ ಯೊಗೊರೊನ ಕಾಲರ್ ಹಿಡಿದ. ಉಮೆಕಿಚಿ ಅಜ್ಜ ಕಷ್ಟಪಟ್ಟು ಎದ್ದು ನಿಂತು, ನೀವೆಲ್ಲ ಹುಟ್ಟುವ ಮುಂಚೆ ಅಲ್ಲಿನ ಮೀನನ್ನು ನಾನು ವಸತಿಗೃಹಕ್ಕೆ ಮಾರಿದ್ದೇನೆ, ನಿಮ್ಮದು ಅಂತ ಯಾವ ಬಾಯಲ್ಲಿ ಹೇಳುತ್ತೀರಿ ಅಂದ. ಒಡ್ಡು ಕಟ್ಟುತ್ತೇವೆ ಅಂದಾಗ ಬಾರದ ಸಿಟ್ಟು ಈಗ ಅಬ್ಬಿಯ ಹಾಗೆ ಬಿತ್ತು. ಸೊಮೆಯಾನ ಜೊತೆ ಬಂದಿದ್ದ ಗುಮಾಸ್ತೆ ಎಲ್ಲರ ಹೆಸರನ್ನೂ ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು. ಮಿತ್ಸುಯೆ ಮಾತ್ರ ಬಕೀಟಿನ ನೀರು ಬೆಚ್ಚಗಾಗದಂತೆ ಬಾವಿಯಿಂದ ತಣ್ಣೀರು ತಂದು ಹಾಕಿದಳು.

ಮರುಪರಿಶೀಲನೆ ಆಯಿತು. ಕಚೇರಿಯವರು ಬಂದಾಗ ದಾರಿ ತೋರಿಸಲು ಒಬ್ಬ ಗಂಡಸೂ ಹೋಗಲಿಲ್ಲ, ಮಾನ ಹೋಗಿತ್ತು. ಝೆನ್ಮಾಯ್ ದಾರಿಯಲ್ಲಿ ಕರೆದೊಯ್ದವಳು ಅವಳೇ. ಪತ್ರಿಕೆಯಲ್ಲಿ ಮಾತ್ರ, ಅಪರೂಪದ ಮೀನನ್ನು ತಲೆಮಾರುಗಳಿಂದ ಕಾಪಾಡಿದ ಸಂಘ ಅಂತ ಇಸಾವಾನ ಫೋಟೊ ಬಂತು. ಮೇಲಿನ ಒಡ್ಡನ್ನು ಕೈಬಿಡುತ್ತೇವೆ, ಆದರೆ ಆ ನೀರಿನಲ್ಲಿ ಗಾಳ ಹಾಕುವುದನ್ನು ಸಂಘವೇ ನಿಲ್ಲಿಸಬೇಕು, ನೀವೇ ತಿಂದು ಮುಗಿಸುವುದಾದರೆ ನಾವು ಉಳಿಸುವುದು ಯಾಕೆ ಅಂತ ಕಚೇರಿ ಕೇಳಿತು.

ಮತ್ತೆ ಸಂಘದ ಸಭೆ. ಮನೆಯ ಯಜಮಾನರಿಗೆ ಮಾತ್ರ ಕೈ ಎತ್ತುವ ಹಕ್ಕು. ಮಿತ್ಸುಯೆ ಗಂಡ ಸತ್ತ ದಿನದಿಂದ ತನ್ನ ಮನೆಗೆ ಯಜಮಾನಿ. ಆದರೂ ಸಭೆಗೆ ಕರೆ ಬಂದದ್ದು ಅದೇ ಮೊದಲು. ಗಂಡಸರ ಲೆಕ್ಕಾಚಾರ ಸರಳವಾಗಿತ್ತು. ನಿಲ್ಲಿಸುತ್ತೇವೆ ಅಂತ ಬರೆದುಕೊಡೋಣ, ಹಿಂದಿನ ಹಾಗೆ ಕದ್ದು ಹೋಗೋಣ. ಅವಳು ಎದ್ದು, ಬೋರ್ಡು ಹಾಕಬೇಕು, ಸರದಿಯ ಮೇಲೆ ಕಾವಲು ಹೋಗಬೇಕು, ಮೊದಲ ಸರದಿ ನನ್ನದು ಅಂದಳು. ಮೇಲಿನ ನೀರಿನಲ್ಲಿ ಅವಳು ಹಿಡಿದದ್ದು ಒಂದೇ ಮೀನು, ಅದನ್ನೂ ಕಚೇರಿಯವರ ಎದುರು ಅದೇ ಮಡುವಿಗೆ ಬಿಟ್ಟುಬಂದಿದ್ದಳು. ಆ ನೀರಿಗೆ ಮತ್ತೆ ಗಾಳ ಹಾಕುವ ಆಸೆ ಅವಳಿಗೆ ಇರಲಿಲ್ಲ ಅಂತ ಯಾರೂ ತಿಳಿಯಬೇಕಾಗಿಲ್ಲ. ಇತ್ತು, ಬೇಕಾದಷ್ಟಿತ್ತು. ಕೈ ಎತ್ತಿದಳು. ಉಮೆಕಿಚಿ ಅಜ್ಜ ಎತ್ತಿದ. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇಲ್ಲದ ಗಂಡಸರು, ನನಗೆ ಸಿಗದಿದ್ದರೆ ಅವನಿಗೂ ಬೇಡ ಅಂತ, ಒಬ್ಬೊಬ್ಬರೇ ಎತ್ತಿದರು.

ಹೊರಗೆ ಚಪ್ಪಲಿ ಹುಡುಕುವಾಗ ಯೊಗೊರೊ ಅವಳ ಮುಖ ನೋಡದೆ, ನೀನು ಬಾಯಿ ಬಿಟ್ಟಿದ್ದರಿಂದ ಊರಿಗೆ ಊರೇ ಮೀನು ಕಳಕೊಂಡಿತು ಅಂದ.

"ಬಾಯಿ ಬಿಟ್ಟೋನು ನೀನು ಯೊಗೊರೊ," ಅಂದಳು. "ನಾನು ಬೆರಳಿಟ್ಟೆ ಅಷ್ಟೆ."

ಅವನು ಸೈಕಲ್ ಹತ್ತಿ ಹೋದ. ಅಜ್ಜ ಕೋಲೂರಿಕೊಂಡು ಅವಳ ಪಕ್ಕ ನಿಧಾನಕ್ಕೆ ನಡೆದ. ನಾ ನೋಡಿದ ಹಾಗೆ ನಿನ್ನ ದಾರ ಇನ್ನೂ ನೀರಿಗೆ ತಾಗುತ್ತದೆ, ನಾಳೆ ಕೆಳಗಿನ ಹೊಳೆಗೆ ಬಾ ಮಿತ್ಸುಯೆ ಅಂದ. ಅಜ್ಜ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಅದನ್ನು ಗಮನಿಸಿದಳು, ಗಮನಿಸಿದೆ ಅಂತ ತೋರಿಸಿಕೊಳ್ಳಲಿಲ್ಲ.

"ಆ ಚರಂಡಿಗಾ? ಹಿಂಡಿ ತಿನ್ನೋ ಮೀನಿಗೆ?"

"ಮೀನು ಬಿಡು. ಎಸೆತ ನೋಡೋಣ."

ಥೂ ಅಂದಳು ಮಿತ್ಸುಯೆ. ಮರುದಿನ ಪಾತ್ರೆ ತೊಳೆದು ಮುಗಿಸಿ, ಕಾಂಕ್ರೀಟು ಗೋಡೆಗಳ ನಡುವೆ ಇಳಿದು, ಅದನ್ನು ಕಟ್ಟಿದವರನ್ನೂ ಕಟ್ಟಲು ಬಿಟ್ಟವರನ್ನೂ ಬೈಯುತ್ತಾ, ಕೋಲು ಎತ್ತಿದಳು.